ಒದೆಯೋ ಗೇರ್ ಬೇಕು

...ಅಯ್ಯೋ, ಲಾರಿ ಕೆಳಗೆ ತೂರಿಕೊಂಡು ಮಾತಾಡಬೇಡಿ ಭಾವ, ಈಚೆ ಬನ್ನಿ! ನೀವು ಎಷ್ಟೇ ದೊಡ್ಡ ಮೆಕ್ಯಾನಿಕ್ ಆಗಿರಿ, ನಿಮ್ಮ ಕಾಲ್ಬೆರಳಿಗೆ ಉತ್ತರ ಕೊಡೋಕಾಗಲ್ಲ ನನಗೆ. ಹಾಂ, ಕೂತ್ಕೊಳ್ಳಿ. ಬೆಳಕಿಗೆ ಮುಖ ಮಾಡಿ. ಆ ಮೂತಿಗೆ ಮೆತ್ತಿರೋ ಗ್ರೀಸ್ ನೋಡಿಯಾದ್ರೂ ಸಂತೋಷಪಡ್ತೀನಿ.

ಏನು, ಇಂಜಿನ್ ಓಡ್ತಾನೇ ಇದೆಯಾ? ಬೇಕಂತಲೇ ಬಿಟ್ಟಿದ್ದೆ ಬಿಡಿ. ತಗೊಳ್ಳಿ, ಆರಿಸಿ ಕೀಲಿ ಜೇಬಿಗೆ ಹಾಕ್ಕೊಂಡೆ.

ಈಗ ಕಿಟ್ ವಿಷಯ. ಈ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಮೂರು ಥರದ ಶಿಫ್ಟ್ ಕಿಟ್ ಇದೆ ಅಂದ್ರಿ. ಒಂದು ಮೆತ್ತಗಿನದು, ಒಂದು ಲೋಡ್ ಹೊರೋರಿಗೆ, ಒಂದು ರೇಸಿನವರಿಗೆ. ಒಂದಿಷ್ಟು ಸ್ಪ್ರಿಂಗು, ತೂತಿರೋ ಒಂದು ತಗಡು... ಹಾಕಿದ್ರೆ ಗೇರ್ ಗಕ್ಕನೆ ಬೀಳುತ್ತೆ. ಸರಿ, ನನಗೆ ರೇಸಿನದೇ ಹಾಕಿ!

ಯಾಕ್ ನಗ್ತೀರಿ? ಕಲ್ಲು ಹೊರೋ ಲಾರಿ ರೇಸಿಗೆ ಹೋಗಬಾರದಾ?... ಗೊತ್ತು, ಗೊತ್ತು. ಮಧ್ಯದ್ದು ಸಾಕು, ಗೇರ್ ಜಾರಲ್ಲ, ಬಾಕ್ಸ್ ಕಾಯಲ್ಲ. ರೇಸಿನದು ಹಾಕಿದ್ರೆ ಶಾಫ್ಟೇ ಮುರಿದು ಕೈಗೆ ಬರುತ್ತೆ. ಹೆದರಿಸ್ತೀರಾ? ನಮ್ಮಕ್ಕನ್ನ ಕಟ್ಕೊಂಡ ಮೇಲೂ ನಿಮಗೆ ಜರ್ಕ್ ಅಂದ್ರೆ ಭಯ ಇದೆಯಾ!

ನನಗೆ ಒದೀಬೇಕು ಭಾವ. ಗೇರ್ ಬಿದ್ರೆ ಸೊಂಟಕ್ಕೆ ಒದ್ದ ಹಾಗಿರಬೇಕು. ಈಗ ಬೀಳುತ್ತಲ್ಲ, ಬೆಣ್ಣೆಯೊಳಗೆ ಬೆರಳು ಇಳಿದ ಹಾಗೆ... ಬಿತ್ತೋ ಇಲ್ವೋ, ಯಾವನಿಗೆ ಗೊತ್ತಾಗುತ್ತೆ?

ಏನು? ಇಂಜಿನ್ ಸದ್ದಲ್ಲೇ ಗೊತ್ತಾಗುತ್ತಾ? ಹೌದೌದು, ನಿಮ್ಮಂಥ ಸಂಗೀತಗಾರರಿಗೆ! ನಿಜ ಹೇಳಿಬಿಡ್ತೀನಿ. ಪಕ್ಕದಲ್ಲಿ ಕೂರ್ತಾನಲ್ಲ ನನ್ನ ಭಾಮೈದ, ಆ ನಿದ್ದೆಬುರುಕ, ಗೇರ್ ಬಿದ್ದಾಗೆಲ್ಲ ಅವನ ತಲೆ ಹೋಗಿ ಡ್ಯಾಶ್‌ಬೋರ್ಡಿಗೆ ಬಡೀಲಿ ಅಂತ!... ನಂಬಿಕೆ ಬರ್ಲಿಲ್ವಾ? ಹೋಗಲಿ, ಏರು ರಸ್ತೆಗೆ ಅಂದ್ಕೊಳ್ಳಿ. ಅದೂ ಬೇಡ್ವಾ? ವಯಸ್ಸಾಯ್ತು, ಬೆನ್ನಿಗೆ ಮಸಾಜ್ ಬೇಕು. ಸಾಕಾ?

ಓ... ಆ ಭಾಮೈದನೇ ಬಂದು ನಿಮ್ಮ ಕಿವಿ ಊದಿದ್ನಾ? ಹಿಂದಿನ ಬಸ್ಸು ಹಾರ್ನ್ ಬಡ್ಕೊಂಡ್ರೂ ನಾನು ದಾರಿ ಬಿಡಲಿಲ್ಲ ಅಂತ? ಬೇಕಂತಲೇ ಬಿಡಲಿಲ್ಲ! ಬಸ್ಸಿನವನ ಹೊಟ್ಟೆ ಉರಿಸೋದು ಅಂದ್ರೆ ನನಗೆ... ಆ ಚಾಡಿಕೋರನಿಗೆ ನನ್ನ ಸೀಟ್ ಮೇಲೆ ಕಣ್ಣು ಭಾವ, ಅಷ್ಟೇ. ನಾನು ಇಳಿದ್ರೆ ತಾನು ಹತ್ತಬಹುದು. ಇಳಿದು ಏನ್ ಮಾಡ್ಲಿ ನಾನು? ಮನೇಲಿ ಕೂತು ಅವನ ಅಕ್ಕನಿಗೆ ಈರುಳ್ಳಿ ಹೆಚ್ಚಿಕೊಡ್ಲಾ? ಸ್ಟೇರಿಂಗ್ ಬಿಟ್ಟು ಬೇರೆ ಏನು ಹಿಡಿದು ಗೊತ್ತು ಈ ಕೈಗೆ?

ನೋಡಿ, ಅಕ್ಕನೂ ಬಂದ್ಲು. ಬಾರಕ್ಕ, ನಿನ್ನ ಗಂಡನಿಗೆ ಸ್ವಲ್ಪ ಬುದ್ಧಿ ಹೇಳು. ಆಗಿನಿಂದ ಪೊಲೀಸಿನವರ ಥರ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿಂತಿದ್ದಾರೆ...

ಯಾಕಕ್ಕ ಹಾಗೆ ನೋಡ್ತೀಯಾ? ಏನಂದೆ?... ಭಾವ ಮಾತೇ ಆಡ್ತಿಲ್ವಾ? ಅದು ಹೇಗೆ? ಇಷ್ಟೊತ್ತೂ ಬಾಯಿ ಆಡ್ತಿತ್ತಲ್ಲ, ನಾನೇ ನೋಡ್ದೆ...

ಬರೀ ಬಾಯಾ?

ದನಿ ತೆಗೀದೇನೇ ಕೇಳಿದ್ರಾ ಭಾವ? ನಾನು... ಒಂದೂ ಬಿಡದೆ ಎಲ್ಲಕ್ಕೂ ಉತ್ತರ ಕೊಟ್ನಾ?

ಆಹಾ! ಊರಿಗೆಲ್ಲ ಟೋಪಿ ಹಾಕಿದವನಿಗೇ ಹಾಕಿದ್ರಲ್ಲ! ನಗು ಅಕ್ಕ, ನಗಬೇಕಾದ್ದೇ ಇದು. ...ಅಳಬೇಡ. ಕಿವಿ ಯಾವಾಗ ಹೋಯ್ತು ಅಂತ ಮಾತ್ರ ಕೇಳಬೇಡ.

ಕೈ ಯಾಕೆ ಚಾಚ್ತೀರಿ ಭಾವ? ಏನು, ಕೀಲಿನಾ? ಲಾರಿ ಕೀಲಿನಾ?... ತಡೀರಿ, ತಡೀರಿ. ಇಗೋ, ಎರಡೂ ಕಣ್ಣು ಮುಚ್ಕೊಂಡೆ.

ಈಗ ಕೇಳಿ, ನೋಡೋಣ!