‘ಬೆಳಕು ಬಂತು’ ಎಂಬುದರ ಅನುವಾದ

ಅಧ್ಯಕ್ಷ ಪೀಠದಲ್ಲಿರುವ ನಮ್ಮ ಮೇಯರ್ ದೊನ್ಯಾ ಎನೆರೋಲಿಸಾ ಅವರೇ, ಇಂದು ಸನ್ಮಾನಿತರಾಗಲಿರುವ ಇಂಜಿನಿಯರ್ ಯುದೆಲ್ಕಾ ಮೊರೋಂತಾ ಅವರೇ, ಒಂದಕ್ಷರವೂ ಅರ್ಥವಾಗದಿದ್ದರೂ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಿರುವ ನಾರ್ಡ್‌ಲೂಮ್ ಕಂಪನಿಯ ಮ್ಯಾನೇಜರ್ ಮಿಸ್ಟರ್ ಹಾಲ್ವೊರ್ಸನ್ ಅವರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಸಭಿಕರೇ, ಸಿಗದ ಸಭಿಕರೇ,

ಇಂದು ಮಧ್ಯಾಹ್ನ ನಾಲ್ಕು ಗಂಟೆಗೆ ಬೋಕಾ ಸೆರೆನಾದಲ್ಲಿ ಬೆಳಕು, ಅಂದರೆ ಕರೆಂಟು, ಹೋಗದೆ ನಲವತ್ತೊಂದು ದಿನ ತುಂಬಿತು. ಇದನ್ನು ವರದಿ ಮಾಡಿದವರು ಕ್ಷೌರಿಕ ದೋನ್ ಕ್ರಿಸೋಸ್ತೊಮೊ. ಬೆಳಕು ಹೋದಾಗಲೆಲ್ಲ ಅವರು ಅಂಗಡಿಯ ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ ಇಡುತ್ತಾರೆ. ಕೂದಲು ಕತ್ತರಿಸುವ ಯಂತ್ರ ನಿಂತಾಗ ಅರ್ಧ ಕ್ಷೌರದಲ್ಲೇ ಎದ್ದು ಹೋದವರ ಹೆಸರನ್ನೂ ಬರೆಯುತ್ತಾರೆ. ನಮ್ಮ ಮೇಯರ್ ಅವರ ಮದುವೆಯ ಫೋಟೋಗಳಲ್ಲಿ ವರ ಒಂದೇ ಕಡೆ ಮುಖ ಮಾಡಿ ನಿಂತಿರುವುದು ನಾಚಿಕೆಯಿಂದಲ್ಲ.

ನಲವತ್ತೊಂದು ದಿನ ಒಂದೂ ಚುಕ್ಕೆ ಇಲ್ಲ. ಸಂತೋಷದ ವಿಷಯವಲ್ಲವೇ? ಹಾಗಾದರೆ ನಿಮ್ಮ ಮುಖಗಳೇಕೆ ಹೀಗಿವೆ?

ಕಾರಣ ನಿಮಗೆ ಗೊತ್ತು. ಕಳೆದ ಸೋಮವಾರ ಕಂಪನಿಯ ಕೇಂದ್ರ ಕಚೇರಿಯಿಂದ ಪತ್ರ ಬಂತು. ಇದೇ ಸಭಾಂಗಣದಲ್ಲಿ ನಾನೇ ಅದನ್ನು ಓದಿ ಹೇಳಿದೆ: ‘ಬೋಕಾ ಸೆರೆನಾದ ಜನರಿಗೆ ಕಂಪನಿಯ ಮೇಲಿದ್ದ ಪ್ರೀತಿ ಬತ್ತಿದೆ. ಆದ್ದರಿಂದ ತೇಲುವ ವಿದ್ಯುತ್ ಸ್ಥಾವರವನ್ನು ಬೇರೊಂದು ದ್ವೀಪಕ್ಕೆ ಸಾಗಿಸುವ ಪ್ರಸ್ತಾವವಿದೆ. ಪರಿಶೀಲನೆಗೆ ಇಬ್ಬರ ಸಮಿತಿ ಬರಲಿದೆ.’

ಸ್ಥಾವರ ಹೋದರೆ ನಮಗೆ ಉಳಿಯುವುದು ಮೇಣದ ಬತ್ತಿ.

ಬಹುರಾಷ್ಟ್ರೀಯ ವಿದ್ಯುತ್ ಕಂಪನಿಗಳ ವ್ಯಾಪಾರ ತಂತ್ರದ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದಾರೆ. ನನ್ನ ಪರಿಚಯವಾಗಿ ಎವಾರಿಸ್ತೊ ಪೊಲಾಂಕೊ, ಕಂಪನಿಯ ದುಭಾಷಿ, ಆರು ವರ್ಷಗಳ ಅನುಭವ ಎಂದೂ ಹಾಕಿದ್ದಾರೆ. ಆ ತಂತ್ರವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲನೆಯದಾಗಿ, ಸ್ಥಾವರವನ್ನು ನೆಲದ ಮೇಲೆ ಕಟ್ಟುವುದಿಲ್ಲ, ಬಾರ್ಜು ಎಂಬ ಚಪ್ಪಟೆ ತಳದ ದೊಡ್ಡ ದೋಣಿಯ ಮೇಲೆ ಕಟ್ಟುತ್ತಾರೆ. ಬೇಸರವಾದರೆ ಹಗ್ಗ ಬಿಚ್ಚಿದರಾಯಿತು. ಆಮೇಲೆ, ಹೆಸರು ಬದಲಾಯಿಸುತ್ತಿರುತ್ತಾರೆ. ಇದು ನಾಲ್ಕನೆಯ ಹೆಸರು. ಬಾರ್ಜಿಗೆ ಬಣ್ಣ ಬಳಿಯುವ ನಮ್ಮ ಪೇಂಟರ್ ಈಗ ಹೆಸರನ್ನು ಪೆನ್ಸಿಲಿನಲ್ಲೇ ಬರೆದಿಡುತ್ತಾನೆ. ಇನ್ನೊಂದು ತಂತ್ರವಿದೆ. ಅವರಿಗೆ ಹನ್ನೊಂದು ದೇಶಗಳಲ್ಲಿ ಬಾರ್ಜುಗಳಿವೆ. ಯಾವ ಊರಿನ ಜನ ಕಂಪನಿಯನ್ನು ಹೆಚ್ಚು ಪ್ರೀತಿಸುತ್ತಾರೋ ಆ ಊರಿಗೆ ಬಾರ್ಜು ಉಳಿಯುತ್ತದೆ.

ಪ್ರೀತಿಯನ್ನು ಅಳೆಯುವುದು ಹೇಗೆ? ಔಷಧಿ ಅಂಗಡಿಯ ಛಾವಣಿ ಮೇಲಿನ ಬಿಳಿ ಡಬ್ಬಿಯಿಂದ. ಅದು ಹವಾಮಾನ ಇಲಾಖೆಯದ್ದು ಎಂದು ನಾನು ನಿಮಗೆ ಹೇಳಿದ್ದೆ. ಅಲ್ಲ. ಅದು ಊರಿನ ಗದ್ದಲ ಅಳೆಯುವ ಡಬ್ಬಿ. ಆ ಡಬ್ಬಿ ಅಲ್ಲಿಗೆ ಬಂದದ್ದು ನನ್ನಿಂದ.

ನನ್ನ ಇಂಗ್ಲಿಷಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ನ್ಯೂಯಾರ್ಕಿನಲ್ಲಿ ಓದಿದವನೆಂದು ನೀವೆಲ್ಲ ನಂಬಿದ್ದೀರಿ. ನಂಬಿಸಿದವನು ನಾನೇ. ನಾನು ಓದಿದ್ದು ಪುಯೆರ್ತೊ ಪ್ಲಾತಾದ ಒಂದು ಹೋಟೆಲಿನ ಲಿಫ್ಟಿನಲ್ಲಿ, ಪ್ರವಾಸಿಗರ ಪೆಟ್ಟಿಗೆ ಹೊರುತ್ತಾ. ಇನ್ನೂರು ಪದ ಬರುತ್ತಿತ್ತು. ಅದರಲ್ಲಿ ನಲವತ್ತು ಮಹಡಿಗಳ ಸಂಖ್ಯೆ, ಹೋಟೆಲಿಗೆ ಇದ್ದದ್ದು ಆರೇ ಮಹಡಿ.

ಆರು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಮಿಸ್ಟರ್ ಹಾಲ್ವೊರ್ಸನ್ ದೋಣಿಯಿಂದ ಇಳಿದರು. ಹಿಂದಿನ ದಿನದಿಂದ ಬೆಳಕು ಇರಲಿಲ್ಲ. ಅವರು ದಡದ ಮೇಲೆ ಬಲಗಾಲು ಇಟ್ಟರು, ಬೆಳಕು ಬಂತು. ನೀವು ಏನು ಮಾಡಿದಿರಿ? ಯಾವಾಗಲೂ ಮಾಡುವುದನ್ನೇ. ಅಡುಗೆಮನೆಗಳಿಂದ, ಡಾಮಿನೋ ಮೇಜುಗಳಿಂದ, ಶಾಲೆಯಿಂದ, ಒಬ್ಬರು ಸ್ನಾನದ ಮನೆಯಿಂದಲೂ, ಇಡೀ ಊರು ಒಟ್ಟಿಗೆ ಕೂಗಿತು: “ಬೆಳಕು ಬಂತೂ!” ಆಮೇಲೆ ಚಪ್ಪಾಳೆ, ಶಿಳ್ಳೆ, ಪಾತ್ರೆ ಬಡಿತ.

ಅವರು ಟೋಪಿ ತೆಗೆದರು. “ಜನ ಏನು ಕೂಗುತ್ತಿದ್ದಾರೆ?” ಎಂದು ಕೇಳಿದರು. ನಾನು ಪದಕ್ಕೆ ಪದ ಅನುವಾದಿಸಿದೆ: “ಬೆಳಕು ಬಂದಿದೆ ಅಂತಿದ್ದಾರೆ, ಸರ್.”

ಅವರ ಕಣ್ಣಲ್ಲಿ ನೀರು ಬಂತು. “ನನ್ನನ್ನೇ?” ಎಂದರು.

ಸಭಿಕರೇ, ಮನುಷ್ಯ ಅಳುತ್ತಿದ್ದಾಗ ವ್ಯಾಕರಣ ತಿದ್ದಲು ಆಗುತ್ತದೆಯೇ? “ಹೌದು ಸರ್, ತಮ್ಮನ್ನೇ” ಎಂದೆ. ಅದು ನನ್ನ ಕೆಲಸದ ಮೊದಲ ದಿನ.

ಅಂದಿನಿಂದ ಪ್ರತಿ ಸಲ ಊರು ಕೂಗಿದಾಗ ಅವರು ಬಾಲ್ಕನಿಗೆ ಬಂದು ತಲೆಬಾಗಿ ನಮಸ್ಕರಿಸಿದರು. ಅದು ಅವರ ದೇಶದ ವ್ಯಾಯಾಮ ಎಂದು ನೀವು ಅಂದುಕೊಂಡಿರಿ. ಅವರು ಕೇಂದ್ರ ಕಚೇರಿಗೆ ಪತ್ರ ಬರೆದರು. ಕಚೇರಿ ಡಬ್ಬಿ ಕಳಿಸಿತು. ಬೆಳಕು ದಿನಕ್ಕೆ ಆರು ಸಲ ಹೋಗುತ್ತಿದ್ದುದರಿಂದ ಆರು ಸಲ ಬರುತ್ತಲೂ ಇತ್ತು. ಹೀಗಾಗಿ ಹನ್ನೊಂದು ದೇಶಗಳಲ್ಲಿ ಪ್ರೀತಿಯಲ್ಲಿ ನಾವೇ ಮೊದಲು. ನನ್ನ ಬೆನ್ನ ಹಿಂದಿನ ಗೋಡೆಯಲ್ಲಿರುವ ಹಿತ್ತಾಳೆ ಫಲಕ ಅದಕ್ಕೇ ಬಂದದ್ದು. ನಾನು ನಿಮಗೆ ಹೇಳಿದಂತೆ ಮೀನುಗಾರಿಕೆಗೆ ಬಂದದ್ದಲ್ಲ.

ನಗಬೇಡಿ, ಇನ್ನೂ ಇದೆ. ಎಂಜಿನ್ನಿಗೆ ಬಿಡಿಭಾಗ ಬೇಕೆಂದು ಯುದೆಲ್ಕಾ ಒಂಬತ್ತು ಸಲ ಬರೆದರು. ಒಂಬತ್ತು ಸಲವೂ ಒಂದೇ ಉತ್ತರ: ‘ಇಷ್ಟು ಸಂತೋಷವಾಗಿರುವ ಊರಿಗೆ ಬಿಡಿಭಾಗ ಏಕೆ?’ ದೊನ್ಯಾ ಫೆರ್ಮಿನಾ ಅವರ ಫ್ರಿಜ್ ಸುಟ್ಟುಹೋದ ದೂರನ್ನು ನಾನು ‘ಈಕೆಗೆ ಇನ್ನೂ ದೊಡ್ಡ ಫ್ರಿಜ್ ಬೇಕಂತೆ’ ಎಂದು ಅನುವಾದಿಸಿದೆ. ವಿದ್ಯುತ್ತಿನ ಬೇಡಿಕೆ ಏರುತ್ತಿದೆ ಎಂದು ಕಂಪನಿಯವರು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿದರು. ಕ್ಷಮಿಸಿ, ದೊನ್ಯಾ ಫೆರ್ಮಿನಾ. ಚಪ್ಪಲಿ ದಯವಿಟ್ಟು ಕಾಲಲ್ಲೇ ಇರಲಿ.

ಕೊನೆಗೆ ಯುದೆಲ್ಕಾ ಹಳೆಯ ಮೀನುದೋಣಿಗಳ ಎಂಜಿನ್ ಬಿಚ್ಚಿ, ತಾವೇ ಬಿಡಿಭಾಗ ಕೊರೆದು ಕೂರಿಸಿದರು. ಬೆಳಕು ಹೋಗುವುದು ನಿಂತಿತು. ಹೋಗದ್ದು ಬರುವುದು ಹೇಗೆ? ಊರು ಮೌನವಾಯಿತು. ಡಬ್ಬಿಯ ಮುಳ್ಳು ಸೊನ್ನೆಗಿಳಿಯಿತು. ಪತ್ರ ಬಂತು.

ಬೆಳಕು ಹೋಗದೆಯೇ ಕೂಗೋಣ ಎಂದು ಭಾನುವಾರ ಚೌಕದಲ್ಲಿ ಅಭ್ಯಾಸ ಮಾಡಿದೆವು. ನೆನಪಿದೆಯಲ್ಲ? ಉರಿಯುವ ಬಲ್ಬ್ ನೋಡಿಕೊಂಡು “ಬೆಳಕು ಬಂತು” ಎಂದು ಸುಳ್ಳು ಹೇಳಲು ನಮ್ಮ ಗಂಟಲು ಒಪ್ಪಲಿಲ್ಲ. ಹೊರಟ ದನಿ ಕೇಳಿ, ಯಾರ ಮನೆಯಲ್ಲಿ ಸಾವು ಎಂದು ಪಾದ್ರಿ ಓಡಿ ಬಂದರು.

ಆಗ ಮೇಯರ್ ಅವರೂ ನಾನೂ ಬಾರ್ಜಿಗೆ ಹೋದೆವು.

“ಹದಿನೈದೇ ನಿಮಿಷ ಆರಿಸು, ಇಂಜಿನಿಯರಮ್ಮ,” ಎಂದರು ಮೇಯರ್. “ಸಮಿತಿ ಬಂದಾಗ ಒಂದೇ ಸಲ.”

“ಹದಿನೈದು ಸೆಕೆಂಡೂ ಇಲ್ಲ, ದೊನ್ಯಾ. ಈ ಎಂಜಿನ್ ಪಕ್ಕ ಕೂತೇ ಊಟ ಮಾಡಿದೀನಿ ಇಷ್ಟು ದಿನ. ಈಗ ಚಪ್ಪಾಳೆಗೋಸ್ಕರ ನಾನೇ ಕತ್ತು ಹಿಸುಕ್ಬೇಕಾ?”

“ಬಾರ್ಜೇ ಹೋದ್ಮೇಲೆ ಯಾರ ಪಕ್ಕ ಕೂತು ಉಣ್ತೀಯೇ?”

ಯುದೆಲ್ಕಾ ಕೈಯ ಎಣ್ಣೆ ಒರೆಸಿಕೊಂಡರು. ಆಮೇಲೆ ಕೇಳಿದರು: “ಅಲ್ಲ, ನಾವು ಕೂಗೋದು ಪ್ರೀತಿಗೆ ಅಂತ ಅವರಿಗೆ ಹೇಳಿದ ಪುಣ್ಯಾತ್ಮ ಯಾರು?”

ನಾನು ಸಮುದ್ರ ನೋಡಿದೆ.

“ಯಾಕೆ ದೋನ್ ಎವಾರಿಸ್ತೊ, ಅಲ್ಲಿ ಮೀನೇನಾದ್ರೂ ಹಾರ್ತಾ?”

ಹೇಳಿದೆ. ಯುದೆಲ್ಕಾ ನಕ್ಕರು, ಆಮೇಲೆ ನಗಲಿಲ್ಲ. “ಆರಿಸ್ತೀನಿ. ಆದ್ರೆ ಮೊದ್ಲು ನನ್ನ ಸನ್ಮಾನದ ದಿನ ಮೈಕ್ ಮುಂದೆ ನಿಂತು ನೀವು ನಿಜ ಹೇಳ್ಬೇಕು. ಆಮೇಲೆ ಆ ಮನುಷ್ಯನಿಗೂ ಹೇಳ್ಬೇಕು. ಪೂರ್ತಿ. ಅನುವಾದ ಮಾಡದೆ.”

“ಅನುವಾದ ಮಾಡದೆ ಹೇಗಮ್ಮ ಹೇಳೋದು?”

“ನಿಮ್ಮ ಅನುವಾದ ಮಾಡದೆ.”

ಮೊದಲ ಅರ್ಧ ಮುಗಿಯಿತು. ಎರಡನೆಯದೇ ಕಷ್ಟ. ಈ ನಲವತ್ತೊಂದು ದಿನ ಮಿಸ್ಟರ್ ಹಾಲ್ವೊರ್ಸನ್ ಸರಿಯಾಗಿ ಉಂಡಿಲ್ಲ. ಬಾಳೆಕಾಯಿ ಬೇಯಿಸಿ ಅರೆದು ಮಾಡುವ ನಮ್ಮ ಮಂಗು ಎಂದರೆ ಜೀವ ಬಿಡುತ್ತಿದ್ದವರು ಈಗ ತಟ್ಟೆ ಸರಿಸುತ್ತಾರೆ. ಹೋದ ವಾರ ನನ್ನ ಭುಜ ಹಿಡಿದು ಕೇಳಿದರು: “ಎವಾರಿಸ್ತೊ, ನಾನು ಇವರಿಗೆ ಏನು ತಪ್ಪು ಮಾಡಿದೆ?” ಊರಿಗೆ ಅತ್ಯಂತ ಒಳ್ಳೆಯ ನಲವತ್ತೊಂದು ದಿನ ಕೊಟ್ಟ ಬಾರ್ಜಿನ ಮ್ಯಾನೇಜರ್ ಕೇಳುವ ಪ್ರಶ್ನೆಯೇ ಇದು? ಇನ್ನೂರು ಪದಗಳಲ್ಲಿ ಅದಕ್ಕೆ ಉತ್ತರವಿಲ್ಲ.

ನಿಜ ತಿಳಿದ ಮೇಲೆ ಅವರು ಸಮಿತಿಗೆ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನೋಡಿ, ನಾನು ಅವರ ಹೆಸರು ಹೇಳಿದಾಗಲೆಲ್ಲ ಎದ್ದು ಕೈಮುಗಿಯುತ್ತಿದ್ದಾರೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ನಾಳೆ ಬೆಳಕು ಬಂದಾಗ ಎಂದಿನಂತೆ ಕೂಗಿ, ಅದು ಬೆಳಕಿಗೆ. ಆಮೇಲೆ ಬಾಲ್ಕನಿ ಕಡೆ ನೋಡಿ. ಅವರು ಹೊರಗೆ ಬಂದರೆ ಇನ್ನೊಮ್ಮೆ ಕೂಗಿ. ಅದನ್ನು ನಾನು ಸರಿಯಾಗಿ ಅನುವಾದಿಸುತ್ತೇನೆ.

ಯುದೆಲ್ಕಾ ಅವರಿಗೆ ಊರಿನ ಪರವಾಗಿ, ನನ್ನ ಪರವಾಗಿ, ಸುಟ್ಟ ಫ್ರಿಜ್ಜಿನ ಪರವಾಗಿಯೂ ಕೃತಜ್ಞತೆಗಳು. ಇಷ್ಟು ಹೊತ್ತು ಚಪ್ಪಲಿ ಎಸೆಯದೆ ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ.

ಪ್ರಕಟಣೆ: ಮಿಸ್ಟರ್ ಹಾಲ್ವೊರ್ಸನ್ ಅವರಿಗಾಗಿ ಈ ಭಾಷಣದ ಇಂಗ್ಲಿಷ್ ರೂಪ ಇಂದು ಸಂಜೆ ಐದೂವರೆಗೆ, ಅವರ ಬಾಲ್ಕನಿಯಲ್ಲಿ. ಸಮಿತಿಯ ದೋಣಿ ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ತಲುಪುತ್ತದೆ. ಬೆಳಕು ಹತ್ತು ಗಂಟೆಗೆ ಹೋಗುತ್ತದೆ. ಹತ್ತೂ ಕಾಲಿಗೆ ಬರುತ್ತದೆ.