ಹಲಗೆಯ ಕೆಳಗಿನ ಸಾಲು

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಬಂದು ನನ್ನನ್ನು ಕೇಳಿದರು. "ಸ್ವಾಮೀ, ನಾನಂತೂ ಸುಳ್ಳು ಹೇಳುದಿಲ್ಲ. ಯಾರೋ ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳ್ತೇನೆ, ಅಷ್ಟೆ. ಅದೂ ಪಾಪವಾ?"

ನಗಬೇಡಿ. ನಗುವವರೆಲ್ಲ ಅದನ್ನೇ ಮಾಡುವವರು. ಆ ತಾಯಿಗೆ ಕೇಳುವ ಧೈರ್ಯ ಇತ್ತು, ನಿಮಗಿಲ್ಲ. ಇವತ್ತು ಅವರಿಗೆ ಒಂದು ದೃಷ್ಟಾಂತದಿಂದ ಉತ್ತರ ಹೇಳುತ್ತೇನೆ. ನೀವೂ ಕೇಳಿಸಿಕೊಳ್ಳಿ.

ಸಮುದ್ರದ ದಂಡೆಯಲ್ಲಿ ಒಂದು ಊರು. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ನಾಳೆಯೇ ಬಸ್ಸು ಹತ್ತಿ ನೋಡಲು ಹೋಗುತ್ತೀರಿ. ದೃಷ್ಟಾಂತ ಅಂದಮೇಲೆ ಒಬ್ಬ ಶ್ರೀಮಂತ ಬೇಕಲ್ಲ? ಇದ್ದಾನೆ. ಆದರೆ ಅವನು ಸ್ವಲ್ಪ ತಡವಾಗಿ ಬರುತ್ತಾನೆ, ಮತ್ತು ಅವನು ಕೆಟ್ಟವನೂ ಅಲ್ಲ. ಮೊದಲು ಬರುವವರು ಒಬ್ಬ ಮಾಸ್ಟ್ರು.

ಶಾಲೆಯಿಂದ ನಿವೃತ್ತರಾದ ಮಾಸ್ಟ್ರು. ದೋಣಿಗಳು ನಿಲ್ಲುವ ದಕ್ಕೆಯಲ್ಲಿ, ಮೀನುಗಾರರ ಸಂಘದ ಗೋಡೆಗೆ ಒಂದು ದೊಡ್ಡ ಕರಿಹಲಗೆ ಇತ್ತು. ದಿನಾ ಸಂಜೆ ಮಾಸ್ಟ್ರು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು, ಆ ಹಲಗೆಯ ಮೇಲೆ ಊರಿನ ಸುದ್ದಿ ಬರೆಯುತ್ತಿದ್ದರು. ಅವರ ಅಕ್ಷರ ನೋಡುವುದಕ್ಕೇ ಜನ ಬರುತ್ತಿದ್ದರು. 'ಇಂದು ನಳ್ಳಿ ನೀರು ಬರುವುದಿಲ್ಲ. ನಾಳೆಯೂ ಅನುಮಾನ.' 'ಬುಧವಾರ ಶಾಲೆಯಲ್ಲಿ ಕಣ್ಣಿನ ತಪಾಸಣೆ.' 'ಪಂಚಾಯತಿನ ದಾರಿದೀಪ ಕೊನೆಗೂ ಉರಿಯಿತು, ಹಗಲಿನಲ್ಲಿ.' ಎಲ್ಲದರ ಕೆಳಗೆ ತಮ್ಮ ಹೆಸರು, ಹೆಸರಿನ ಕೆಳಗೆ ಬೇರೆಯೇ ಒಂದು ಸಾಲಿನಲ್ಲಿ 'ನಿವೃತ್ತ ಮುಖ್ಯೋಪಾಧ್ಯಾಯರು'. ಮೂವತ್ತು ವರ್ಷ ಪಾಠ ಹೇಳಿದವರಿಗೆ ಅಷ್ಟು ಆಸೆ ಇರಬಾರದಾ? ಇರಲಿ, ಪಾಪ.

ಈಗ ಆ ಹಲಗೆಯ ಒಂದು ಕಟ್ಟಳೆ ಹೇಳುತ್ತೇನೆ, ಗಮನ ಕೊಡಿ. ಎಲ್ಲಕ್ಕಿಂತ ಕೆಳಗಿನ ಸಾಲು ದೋಣಿಗಳದ್ದು. ಹೊಳೆ ಸಮುದ್ರಕ್ಕೆ ಸೇರುವ ಬಾಯಿಗೆ ಅಳಿವೆ ಅನ್ನುತ್ತೇವಲ್ಲ, ಅಲ್ಲಿ ನೀರಿನ ಅಡಿಯಲ್ಲಿ ಮರಳು ಸರಿಯುತ್ತಲೇ ಇರುತ್ತದೆ. ಒಂದು ವಾರ ತೆಂಕು ಬದಿಯಲ್ಲಿ ದಾರಿ, ಇನ್ನೊಂದು ವಾರ ಬಡಗು ಬದಿಯಲ್ಲಿ. ಒಬ್ಬ ಅಜ್ಜ ದಿನಾ ಇಳಿತದ ಹೊತ್ತಿಗೆ ಸಣ್ಣ ದೋಣಿಯಲ್ಲಿ ಹೋಗಿ, ಬಿದಿರಿನ ಗಳ ಚುಚ್ಚಿ ಆಳ ನೋಡಿ ಬರುತ್ತಿದ್ದ. ದಾರಿ ಬದಲಾಗಿದ್ದರೆ ಮಾಸ್ಟ್ರಿಗೆ ಹೇಳುತ್ತಿದ್ದ. ಮಾಸ್ಟ್ರು ಕೆಳಗಿನ ಸಾಲಿನಲ್ಲಿ ಬರೆಯುತ್ತಿದ್ದರು. ಆ ಸಾಲು ಖಾಲಿ ಇದ್ದರೆ ಏನೂ ಬದಲಾಗಿಲ್ಲ, ನಿನ್ನೆಯ ದಾರಿಯೇ ಇವತ್ತೂ ಅಂತ ಅರ್ಥ. ಬೆಳಗಿನ ಜಾವ ದೋಣಿ ಹೊರಡಿಸುವವರು ಬ್ಯಾಟರಿಯ ಬೆಳಕು ಬಿಟ್ಟು ಆ ಒಂದು ಸಾಲು ನೋಡುತ್ತಿದ್ದರು. ನಳ್ಳಿ ನೀರು, ಕಣ್ಣಿನ ತಪಾಸಣೆ ಏನೂ ಅವರಿಗೆ ಬೇಡ. ಆ ಒಂದು ಸಾಲು.

ಈಗ ಶ್ರೀಮಂತ ಬರುತ್ತಾನೆ. ಅದೇ ಊರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೋಟೆಲು ನಡೆಸಿ ಮೇಲೆ ಬಂದವನು. ಊರಿಗೊಂದು ವಾಚನಾಲಯ ಕಟ್ಟಿಸಿಕೊಟ್ಟಿದ್ದ. ಮರುದಿನ ಅದರ ಉದ್ಘಾಟನೆ. ಸಂಘದವರು ಮಾಸ್ಟ್ರಿಗೆ ಬಣ್ಣದ ಸೀಮೆಸುಣ್ಣ ತಂದುಕೊಟ್ಟು, "ಹಲಗೆ ತುಂಬ ಸ್ವಾಗತ ಬರೀರಿ ಮಾಸ್ಟ್ರೇ, ಧಣಿಗಳು ನೋಡಿ ಖುಷಿಯಾಗ್ಬೇಕು" ಅಂದರು. ಮಾಸ್ಟ್ರು ಎರಡು ಗಂಟೆ ನಿಂತು ಬರೆದರು. ಸುತ್ತ ಮಲ್ಲಿಗೆಯ ಬಳ್ಳಿ, ನಡುವೆ ಶ್ರೀಮಂತನ ಹೆಸರು, ಕೆಳಗೆ ತಮ್ಮ ಹೆಸರು, ಅದರ ಕೆಳಗೆ ನಿವೃತ್ತ ಮುಖ್ಯೋಪಾಧ್ಯಾಯರು. ಎಲ್ಲಕ್ಕಿಂತ ಕೆಳಗೆ, ಅಜ್ಜ ಬಂದು ಹೇಳಿ ಹೋದ ಸಾಲು: 'ತೆಂಕಿನ ದಾರಿ ಮುಚ್ಚಿದೆ. ಬಡಗಿನಲ್ಲಿ ಹೋಗಿ.'

ಸಂಜೆ ಶ್ರೀಮಂತನೇ ನೋಡಲು ಬಂದ. ಮಾಸ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಅವನು ಅವರ ಶಿಷ್ಯನೇ. ಹಲಗೆ ನೋಡಿ ಅವನ ಕಣ್ಣು ತುಂಬಿತು. "ಮಾಸ್ಟ್ರೇ, ಇಷ್ಟು ಚಂದ ನನ್ನ ಹೆಸರು ಯಾರೂ ಬರೆದದ್ದಿಲ್ಲ. ನನ್ನ ಅಪ್ಪನ ಹೆಸರೂ ಇದರಲ್ಲಿ ಬರಬಹುದಾ? ಅವರು ಇದೇ ದಕ್ಕೆಯಲ್ಲಿ ಬುಟ್ಟಿ ಹೊತ್ತವರು."

ಇದರಲ್ಲಿ ಏನು ತಪ್ಪಿದೆ ಹೇಳಿ? ಅಪ್ಪನ ಹೆಸರು ಬೇಕು ಅಂದದ್ದು ತಪ್ಪಾ? ಅಲ್ಲ. ಕೆಳಗಿನ ಸಾಲಿನ ಅರ್ಥ ಅವನಿಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ಅಲ್ಲಿದ್ದವರಲ್ಲಿ ಗೊತ್ತಿದ್ದವರು ಮಾಸ್ಟ್ರು ಒಬ್ಬರೇ. ಇನ್ನೊಂದು ಹೆಸರು ಹಿಡಿಸಬೇಕಾದರೆ ಒಂದು ಸಾಲು ಅಳಿಸಬೇಕು. ಅಳಿಸಬಹುದಾದ ಸಾಲು ಎರಡಿದ್ದವು. ಒಂದು 'ನಿವೃತ್ತ ಮುಖ್ಯೋಪಾಧ್ಯಾಯರು'. ಇನ್ನೊಂದು ದೋಣಿಯ ದಾರಿ.

ಮಾಸ್ಟ್ರು ಯಾವುದನ್ನು ಅಳಿಸಿದರು?

ನಿಮಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು? ನೀವಾದರೂ ಅದನ್ನೇ ಅಳಿಸುತ್ತಿದ್ದಿರಿ, ಅದಕ್ಕೆ.

ಮಾಸ್ಟ್ರ ಮನಸ್ಸಿನಲ್ಲಿ ಕಪಟ ಇರಲಿಲ್ಲ. 'ಬೆಳಿಗ್ಗೆ ಬೇಗ ಎದ್ದು ದಕ್ಕೆಗೆ ಬರುತ್ತೇನೆ, ಎಲ್ಲರಿಗೂ ಬಾಯಲ್ಲೇ ಹೇಳುತ್ತೇನೆ' ಅಂದುಕೊಂಡೇ ಒರೆಸಿದರು. ಎದ್ದರೂ ಎದ್ದರು. ಆದರೆ ಸಮಾರಂಭದ ದಿನ ಅಲ್ಲವೇ, ಅಂಗಿಗೆ ಇಸ್ತ್ರಿ ಹಾಕುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು. ಅವರು ದಕ್ಕೆಗೆ ಬರುವಾಗ ಮೊದಲ ದೋಣಿ ಹೊರಟಾಗಿತ್ತು.

ಆ ದೋಣಿ ನಡೆಸುತ್ತಿದ್ದ ತಾಂಡೇಲನ ಹೆಸರು ಭೋಜ. ಈ ಕಥೆಯಲ್ಲಿ ನಾನು ಹೇಳುವ ಹೆಸರು ಅದೊಂದೇ, ಯಾಕೆಂದರೆ ಮುಂದೆ ಹೆಸರು ಕಳೆದುಕೊಂಡವನು ಅವನು. ಭೋಜ ಬ್ಯಾಟರಿ ಬಿಟ್ಟು ಹಲಗೆ ನೋಡಿದ. ಕೆಳಗೆ ದಾರಿಯ ಮಾತೇ ಇಲ್ಲ. ಅಂದರೆ ನಿನ್ನೆಯ ದಾರಿ. ತೆಂಕಿಗೆ ತಿರುಗಿಸಿದ. ಕತ್ತಲೆಯಲ್ಲಿ ದೋಣಿ ಮರಳಿಗೆ ಹತ್ತಿತು, ಬದಿಯಿಂದ ಅಲೆ ಹೊಡೆಯಿತು, ಮಗುಚಿತು. ಐದು ಜನರೂ ಈಜಿ ದಡ ಸೇರಿದರು, ದೇವರು ದೊಡ್ಡವನು. ಭೋಜನ ಬಲಗೈ ಮುರಿಯಿತು. ಬಲೆ ಹೋಯಿತು.

ಈಗ ಊರು ಏನು ಮಾಡಿತು ನೋಡಿ. ಎಂಟು ಗಂಟೆಗೆ ಮೀನು ಮಾರ್ಕೆಟಿನಲ್ಲಿ, "ಭೋಜನ ದೋಣಿ ಮಗುಚಿತು." ಇದು ನಿಜ. ಒಂಬತ್ತಕ್ಕೆ ಚಾ ಅಂಗಡಿಯಲ್ಲಿ, "ಇಷ್ಟು ವರ್ಷ ತಾಂಡೇಲ ಆಗಿದ್ದವನಿಗೆ ಮರಳು ಗೊತ್ತಾಗ್ಲಿಲ್ವಾ ಮಾರಾಯ್ರೇ?" ಇದು ಪ್ರಶ್ನೆ, ಸುಳ್ಳಲ್ಲ. ಹತ್ತಕ್ಕೆ ರೇಷನ್ ಅಂಗಡಿಯ ಸಾಲಿನಲ್ಲಿ, "ಅವ ಮೊದಲು ಕುಡೀತಿದ್ದ ಅಲ್ವಾ?" ಇದೂ ನಿಜವೇ, ಭೋಜ ಕುಡಿಯುತ್ತಿದ್ದ. ಬಿಟ್ಟು ಎರಡು ವರ್ಷ ಆಗಿತ್ತು. ಮಧ್ಯಾಹ್ನ ಎಲ್ಲರ ಮೊಬೈಲಿನಲ್ಲೂ ಬಂತು, "ಕುಡಿದು ದೋಣಿ ನಡೆಸಿ ಐದು ಜನರ ಪ್ರಾಣ ತೆಗೆಯುವವನಿದ್ದ." ಯಾರು ಹೇಳಿದ್ದು ಈ ಸುಳ್ಳು? ಯಾರೂ ಹೇಳಲಿಲ್ಲ! ಎಲ್ಲರೂ ಸೇರಿ ಹೇಳಿದರು. ನಿನ್ನೆಯ ಆ ತಾಯಿ ಇಲ್ಲೇ ಇದ್ದೀರಲ್ಲ? ಕೇಳಿಸಿತಾ ತಾಯೀ?

"ಹಲಗೆಯಲ್ಲಿ ಸಾಲಿರ್ಲಿಲ್ಲ, ಅದಕ್ಕೇ ತೆಂಕಿಗೆ ಹೋದೆ" ಅಂತ ಭೋಜ ಆಸ್ಪತ್ರೆಯ ಮಂಚದಿಂದ ಹೇಳಿದ. ಜನ ನಕ್ಕರು. "ಸಾಲಿಲ್ಲ ಅಂದ್ರೆ ಅಜ್ಜ ಹೇಳ್ಲಿಲ್ಲ ಅಂತ, ತೆಂಕಿನ ದಾರಿ ಸರಿಯಾಗೇ ಇತ್ತು ಅಂತ. ಕುಡಿದವನಿಗೆ ನೆಪ ಸಾಕು" ಅಂದರು.

ಮಾಸ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. ಎರಡು ದಿನ ಕಳೆದರೂ ಅಳಿಸಿದ್ದು ತಾವೇ ಅಂತ ಹೇಳಲಿಲ್ಲ. ಮೂರನೆಯ ದಿನ ಭೋಜನ ಹೆಂಡತಿ ಅವರ ಮನೆಯ ಅಂಗಳಕ್ಕೆ ಬಂದಳು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತಳು.

"ಮಾಸ್ಟ್ರೇ, ಭಾನುವಾರ ಸಂಘದಲ್ಲಿ ಮೀಟಿಂಗ್ ಉಂಟಂತೆ. ಇವರಿಗೆ ಇನ್ನು ಯಾವ ದೋಣಿಯೂ ಕೊಡುದಿಲ್ಲ ಅಂತ ಮಾಡ್ತಾರಂತೆ. ಇವರು ಒಂದು ತೊಟ್ಟೂ ಕುಡಿದಿರ್ಲಿಲ್ಲ. ಬೆಳಿಗ್ಗೆ ನನ್ನ ಕೈಯಲ್ಲೇ ಗಂಜಿ ಉಂಡು ಹೋದದ್ದು. ನಾನು ಹೇಳಿದ್ರೆ ಹೆಂಡತಿ ಅಲ್ವಾ ಹೇಳ್ತಾಳೆ ಅಂತಾರೆ. ನಿಮ್ಮ ಹಲಗೆಯಲ್ಲಿ ಬಂದದ್ದನ್ನ ಊರು ನಂಬ್ತದೆ. ಒಂದು ಸಾಲು ಬರೀರಿ."

ಆ ಹೊತ್ತಿಗೆ ಹೇಳಿಬಿಡಬಹುದಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಮಾಸ್ಟ್ರು ಏನು ಹೇಳಿದರು ಗೊತ್ತಾ? "ನಾನು ಕಣ್ಣಾರೆ ಕಾಣದ್ದನ್ನ ಬರೆಯುದಿಲ್ಲಮ್ಮ. ಅದು ಹಲಗೆಯ ನಿಯಮ."

ನಿಯಮ! ತಪ್ಪು ಮಾಡಿದವನಿಗೆ ನಿಯಮ ಎಷ್ಟು ಚೆನ್ನಾಗಿ ನೆನಪಾಗುತ್ತದೆ ನೋಡಿ. ಅವಳು "ಆಯ್ತು ಮಾಸ್ಟ್ರೇ" ಅಂದು ಸೆರಗು ಹೊದ್ದು ಹೋದಳು. ಅವಳು ಬೈದಿದ್ದರೆ ಮಾಸ್ಟ್ರಿಗೆ ಹಗುರವಾಗುತ್ತಿತ್ತು.

ಶನಿವಾರ ಸಂಜೆ ಮಾಸ್ಟ್ರು ಮೀಟಿಂಗಿನ ಸುದ್ದಿ ಬರೆಯಬೇಕಾಗಿತ್ತು. ಸಂಘದವರು ಚೀಟಿ ಕೊಟ್ಟಿದ್ದರು, 'ಕುಡಿದು ದೋಣಿ ನಡೆಸಿದ ತಾಂಡೇಲನ ವಿಚಾರ.' ಸೀಮೆಸುಣ್ಣ ಹಿಡಿದು ನಿಂತಿದ್ದರು, ಇನ್ನೂ ಒಂದಕ್ಷರ ಬರೆದಿರಲಿಲ್ಲ. ಅಷ್ಟರಲ್ಲಿ ಗಳದ ಅಜ್ಜ ಬಂದ. ಗಳವನ್ನು ಗೋಡೆಗೆ ಒರಗಿಸಿ ಇಟ್ಟ. ದಿನಾ ಹೆಗಲ ಮೇಲಿಟ್ಟು ಮನೆಗೆ ಒಯ್ಯುವವನು ಅವತ್ತು ಅಲ್ಲೇ ಬಿಟ್ಟ.

"ಮಾಸ್ಟ್ರೇ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಆ ದಿನ ನಾನು ನಿಮಗೆ ಹೇಳಿದ್ದೇನಾ? ತೆಂಕು ಮುಚ್ಚಿತು ಅಂತ? ಹೇಳಿದ ಹಾಗೇ ನೆನಪು. ಆದ್ರೆ ಹಲಗೆಯಲ್ಲಿ ಇರ್ಲಿಲ್ಲ ಅಂತಾರೆ. ಹಲಗೆಯಲ್ಲಿ ಇಲ್ಲ ಅಂದ್ರೆ ನಾನು ಹೇಳ್ಲಿಲ್ಲ ಅಂತಲೇ ಅಲ್ವಾ? ನನಗೆ ಮರೆವು ಹಿಡೀತು ಕಾಣ್ತದೆ. ಐದು ಜನರನ್ನ ನಾನೇ ಕೊಲ್ಲುವವನಿದ್ದೆ. ನಾಳೆಯಿಂದ ಗಳ ಬೇರೆಯವರಿಗೆ ಕೊಡಿ."

ಮುದುಕನ ಕಣ್ಣಲ್ಲಿ ನೀರು. ಮಾಸ್ಟ್ರನ್ನು ಅವನು ಎಷ್ಟು ನಂಬಿದ್ದ ಅಂದರೆ, ಅವರು ಬರೆಯಲು ತಪ್ಪಿರಬಹುದು ಅನ್ನುವ ಯೋಚನೆಯೇ ಅವನಿಗೆ ಬರಲಿಲ್ಲ. ತನ್ನ ತಲೆಯನ್ನೇ ಅನುಮಾನಿಸಿದ. ಒಬ್ಬನ ಮಾನ ಹೋಗಿತ್ತು, ಈಗ ಇನ್ನೊಬ್ಬನ ನೆನಪಿನ ಮೇಲಿನ ಭರವಸೆಯೇ ಹೋಗುತ್ತಿದೆ. ತಾನು ಉಳಿಸಿಕೊಂಡದ್ದು ಏನು? ನಿವೃತ್ತ ಮುಖ್ಯೋಪಾಧ್ಯಾಯರು ಅನ್ನುವ ಒಂದು ಸಾಲು.

"ಅಜ್ಜ, ನೀವು ಹೇಳಿದ್ರಿ" ಅಂದರು ಮಾಸ್ಟ್ರು. "ನೀವು ಸರಿಯಾಗಿ ಹೇಳಿದ್ರಿ, ನಾನು ಸರಿಯಾಗಿ ಬರೆದೆ. ಆಮೇಲೆ ಅಳಿಸಿದ್ದು ನಾನು. ಗಳ ಎತ್ತಿಕೊಳ್ಳಿ."

ಮತ್ತೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿದರು. ಸ್ವಾಗತಕ್ಕೆ ತಂದ ಬಣ್ಣದ ಸೀಮೆಸುಣ್ಣ ಉಳಿದಿತ್ತಲ್ಲ, ಅದನ್ನೇ ತೆಗೆದುಕೊಂಡರು. ಶ್ರೀಮಂತನ ಹೆಸರು ಎಷ್ಟು ದೊಡ್ಡದಾಗಿ ಬರೆದಿದ್ದರೋ ಅಷ್ಟೇ ದೊಡ್ಡದಾಗಿ ಬರೆದರು: 'ಭೋಜ ಕುಡಿದಿರಲಿಲ್ಲ. ತೆಂಕಿನ ದಾರಿ ಮುಚ್ಚಿದೆ ಎಂದು ಅಜ್ಜ ಹೇಳಿದ್ದರು. ಹೊಗಳಿಕೆಯ ಆಸೆಗೆ ಆ ಸಾಲನ್ನು ಅಳಿಸಿದವನು ನಾನು.' ಕೆಳಗೆ ಹೆಸರು ಹಾಕಿದರು. ಅಭ್ಯಾಸಬಲ, ಅದರ ಕೆಳಗೆ ಇನ್ನೊಂದು ಸಾಲೂ ಬಂದುಬಿಟ್ಟಿತು. ಹಲಗೆ ತುದಿಯವರೆಗೂ ತುಂಬಿತು. ಬೈಯುವವರು ಬಂದು ಬೈಯಲಿ ಅಂತ ಹಲಗೆಯ ಕೆಳಗೇ ಒಂದು ಮೀನಿನ ಪೆಟ್ಟಿಗೆ ಮಗುಚಿ ಹಾಕಿ ಕುಳಿತರು.

ಜನ ಬಂದರು, ಓದಿದರು. ಯಾರೂ ಬೈಯಲಿಲ್ಲ. ಯಾರು ಬೈಯುತ್ತಾರೆ? ಎಲ್ಲರ ಮೊಬೈಲಿನಲ್ಲೂ ಆ ಸುಳ್ಳು ಇತ್ತು. ಕತ್ತಲಾಗುವ ಮುಂಚೆ ಭೋಜ ಬಂದ, ಕೈಗೆ ಪಟ್ಟಿ, ಹಿಂದೆ ಹೆಂಡತಿ. ಜನ ದಾರಿ ಬಿಟ್ಟರು. ಭೋಜ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದ, ಇನ್ನೊಮ್ಮೆ ಓದಿದ. ಮಾಸ್ಟ್ರು ಎದ್ದು ನಿಂತು ಕೈಮುಗಿದರು. ಹೊಡೆದರೆ ಹೊಡೆಯಲಿ ಅಂತಲೇ ನಿಂತಿದ್ದರು.

ಭೋಜ ಹೇಳಿದ, "ಮಾಸ್ಟ್ರೇ, ಈಗಲೂ ನೀವು ಕೆಳಗೆ ಜಾಗ ಬಿಡ್ಲಿಲ್ಲ ಅಲ್ವಾ. ನಾಳೆಯ ದಾರಿ ಎಲ್ಲಿ ಬರೀತೀರಿ?"

ಮಾಸ್ಟ್ರು ಹಲಗೆ ನೋಡಿದರು. ಬಟ್ಟೆ ತೆಗೆದುಕೊಂಡು 'ನಿವೃತ್ತ ಮುಖ್ಯೋಪಾಧ್ಯಾಯರು' ಅನ್ನುವುದನ್ನು ಒರೆಸಿದರು. "ಅಜ್ಜ, ಹೇಳಿ" ಅಂದರು. ಅಜ್ಜ ಗಳ ಹಿಡಿದುಕೊಂಡು ಗಟ್ಟಿಯಾಗಿ ಹೇಳಿದ, "ಬಡಗು." ಭೋಜನ ಹೆಂಡತಿ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಕಥೆ ಮುಗಿಯಿತು. ಈಗ ಮಾಸ್ಟ್ರನ್ನು ಬಿಡಿ, ಅವರು ತಮ್ಮದನ್ನು ಬರೆದರು. ನಿಮ್ಮದು?

ಕಂಬಕ್ಕೆ ಒರಗಿ ಕುಳಿತ ಅಣ್ಣಂದಿರೇ, ನಿಮ್ಮ ಬಾಯಲ್ಲಿ ಹೋದ ತಿಂಗಳು ಯಾರ ಹೆಸರು ಕೆಟ್ಟಿತು? ತಾಯಂದಿರೇ, ನಳ್ಳಿಯ ಹತ್ತಿರ ಯಾರ ಮನೆಯ ಮಗಳ ಮಾತು ಬಂತು? ಕೇಳಿದ್ದು ನಿಜವೋ ಅಂತ ಆ ಮನೆಗೆ ಹೋಗಿ ಕೇಳಿದಿರಾ? ಮನೆ ಎಷ್ಟು ದೂರ ಇತ್ತು? ನಾಲ್ಕು ಗೇಟು ಆಚೆ! ಮನಸ್ಸಿನಲ್ಲೇ ದೇವರ ಹತ್ತಿರ ಕ್ಷಮೆ ಕೇಳಿದರೆ ಸಾಲದು. ದೇವರ ಹೆಸರನ್ನು ನೀವು ಕೆಡಿಸಲಿಲ್ಲವಲ್ಲ. ಯಾವ ಚಾ ಅಂಗಡಿಯಲ್ಲಿ ಹೇಳಿದಿರೋ ಅದೇ ಅಂಗಡಿಗೆ ನಾಳೆ ಹೋಗಿ, ಯಾವ ಗ್ರೂಪಿಗೆ ಕಳಿಸಿದಿರೋ ಅದೇ ಗ್ರೂಪಿಗೆ ಕಳಿಸಿ, 'ನಾನು ಹೇಳಿದ್ದು ತಪ್ಪು' ಅನ್ನಿ. ಗಟ್ಟಿಯಾಗಿ ಹೇಳಿದ್ದನ್ನು ಗಟ್ಟಿಯಾಗಿಯೇ ತಿದ್ದಬೇಕು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ.

ಇನ್ನೊಂದು. ನಿಮ್ಮ ಹೆಸರು, ನಿಮ್ಮ ಫೋಟೋ, ನಿಮ್ಮ ಸನ್ಮಾನ ಎಲ್ಲ ಇರಲಿ. ಆದರೆ ಇನ್ನೊಬ್ಬನ ಜೀವ ಕಾಯುವ ಸಾಲಿಗೆ ಜಾಗ ಬಿಡಿ.

ನಿಮಗೆ ಹೇಳಿ ನಾನು ಸುಮ್ಮನೆ ಹೋಗುವ ಹಾಗಿಲ್ಲ. ಇವತ್ತು ಬರುವಾಗ ನೋಡಿದೆ. ಬಾಗಿಲ ಬಳಿ ಮೂರು ದಿನದ ಹಿಂದೆಯೇ ನನ್ನದೊಂದು ದೊಡ್ಡ ಫ್ಲೆಕ್ಸು ಕಟ್ಟಿದ್ದೀರಿ, ಚೆನ್ನಾಗಿದೆ, ನನಗೂ ಖುಷಿಯಾಯಿತು. ಎರಡು ನಿಮಿಷ ನಿಂತು ನೋಡಿದೆ. ಆಮೇಲೆ ಗಾಳಿಗೆ ಅದರ ಅಂಚು ಹಾರಿದಾಗ ಹಿಂದೆ ಇದ್ದದ್ದು ಕಂಡಿತು, ಪಂಚಾಯತಿನ ನೋಟಿಸ್ ಬೋರ್ಡು. ಸೋಮವಾರದಿಂದ ಸಮುದ್ರಕ್ಕೆ ಇಳಿಯಬಾರದು ಅಂತ ಯಾರೋ ಅದರಲ್ಲಿ ಅಂಟಿಸಿ ಹೋಗಿದ್ದಾರೆ. ಮೂರು ದಿನದಿಂದ ಅದು ನನ್ನ ಮುಖದ ಹಿಂದೆ ಇದೆ.

ಮಂಗಳಾರತಿ ಆಮೇಲೆ ಮಾಡೋಣ. ಏಳಿ, ಮೊದಲು ನನ್ನನ್ನು ಅಲ್ಲಿಂದ ಬಿಚ್ಚಿ.