ದಾರಿಗೆ ಅಡ್ಡ ಕೂತ ಗಡ್ಡೆ

ಪಶುವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅತ್ತೆ ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲಿನ ಬುಟ್ಟಿಯಲ್ಲಿ ಮುದಿ ಬೆಕ್ಕು ನರಳುತ್ತಿತ್ತು.

“ನಿನ್ನೆಯಿಂದ ಒಂದು ಹನಿ ಉಚ್ಚೆ ಹೋಗಿಲ್ಲ ಅತ್ತೆ. ಹೊಟ್ಟೆ ಕಲ್ಲಾಗಿದೆ.”

“ಬೆಳಿಗ್ಗೆ ನೋಡಿ ಡಾಕ್ಟ್ರು ಏನಂದ್ರು?”

“ಕ್ಯಾನ್ಸರ್ ಗಡ್ಡೆ ದಾರಿಗೆ ಅಡ್ಡ ಕೂತಿದೆಯಂತೆ. ಆಪರೇಷನ್ ಮಾಡಿ ಒಳಗೊಂದು ಸಣ್ಣ ಟ್ಯೂಬ್ ಇಟ್ರೆ ಉಚ್ಚೆ ಹೋಗುತ್ತಂತೆ.”

“ಗಡ್ಡೆ?”

“ಅದು ಹೋಗಲ್ಲ. ಇನ್ನೊಂದಷ್ಟು ತಿಂಗಳು ಆರಾಮಾಗಿರಬಹುದು, ಅಷ್ಟೇ. ಇಷ್ಟು ವಯಸ್ಸಾಗಿರೋದಕ್ಕೆ ಆಪರೇಷನ್ ಮಾಡ್ಸೋದು ಸರೀನಾ ಅಂತ ನಂಗೆ ತೋಚ್ತಿಲ್ಲ.”

“ನನ್ನ ಹೊಟ್ಟೇಲಿ ಗಡ್ಡೆ ಅಂದಾಗ ಯಾರನ್ನ ಕೇಳಿ ಆಪರೇಷನ್ ಮಾಡಿಸ್ದೆ?”

“ಯಾರನ್ನೂ ಇಲ್ಲ. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ.”

“ಹೂಂ, ಅಂತಿದ್ದೆ.” ಅತ್ತೆ ಬುಟ್ಟಿಯನ್ನು ತಮ್ಮ ತೊಡೆಗೆ ಎಳೆದುಕೊಂಡರು. “ಟ್ಯೂಬ್ ಹಾಕ್ಲಿ ಅನ್ನು. ಆಮೇಲಿನ ಆರೈಕೆ ನಾನು ನೋಡ್ಕೋತೀನಿ.”

ನರ್ಸ್ ಕರೆದಳು. ಸೊಸೆ ಕಣ್ಣೊರೆಸಿಕೊಂಡು ಬಾಗಿಲು ತೆರೆದು ಹಿಡಿದಳು. ಬುಟ್ಟಿಯನ್ನು ಎದೆಗವಚಿಕೊಂಡು ಅತ್ತೆ ಮುಂದಾಗಿ ಒಳಗೆ ಹೋದರು.